ಜಲದುರ್ಗದ ಬಂಡೆ ಹತ್ತೋ ಮುಂಚೆ ನಾರಾಯಣಪುರದ ಗೇಟ್ ಕೇಳಿ

ಲಿಂಗಸುಗೂರು: ಕಡಲ ಬಂಡೆ ನೋಡಬೇಕು ಅಂದ್ರೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹುಡುಗರು ಗೋಕರ್ಣದ ದಾರಿ ಹಿಡೀತಾರೆ. ರಾತ್ರಿಯೆಲ್ಲ ಗಾಡಿ ಓಡಿಸಿ, ಓಂ ಬೀಚ್ ಮೇಲಿನ ಬಂಡೆ ಹತ್ತಿ ಫೋಟೊ ತೆಗೆಸಿಕೊಂಡು ಬರ್ತಾರೆ. ಲಿಂಗಸುಗೂರಿನಿಂದ ಸುಮಾರು 20 ಕಿ.ಮೀ. ಉತ್ತರಕ್ಕೆ ಹೋದರೆ ಬಂಡೆಯ ತುದಿಯಲ್ಲಿ ನಿಂತು ಕೆಳಗೆ ನೀರು ಅಬ್ಬರಿಸೋದನ್ನು ನೋಡುವ ಜಾಗ ತಾಲ್ಲೂಕಿನೊಳಗೇ ಇದೆ ಅನ್ನೋದು ಅವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರೂ ಹೆಚ್ಚಾಗಿ ಹೊಳೆ ಬಂದಾಗ ನೋಡೋಕೆ ಓಡ್ತಾರೆ. ತೊಂದರೆ ಆಗೋದು ಅಲ್ಲೇ.

ಆ ಜಾಗ ಜಲದುರ್ಗ. ಕೃಷ್ಣಾ ನದಿ ಇಲ್ಲಿ ಕವಲೊಡೆದು ನಡುವೆ ಗುಡ್ಡವನ್ನು ಬಿಟ್ಟುಕೊಂಡು ಹರಿಯುತ್ತದೆ. ಆ ಗುಡ್ಡದ ಮೇಲೆ ಕೋಟೆ, ಪಕ್ಕದಲ್ಲೇ ಊರು. ಸುತ್ತ ನೀರಿದ್ದದ್ದಕ್ಕೇ ಜಲದುರ್ಗ ಎಂಬ ಹೆಸರು. ಹೊಳೆ ಕಡೆಗೆ ಗುಡ್ಡ ಇಳಿಜಾರಾಗಿ ಇಳಿಯೋದಿಲ್ಲ, ಕಡಿದಿಟ್ಟ ಹಾಗೆ ನಿಂತಿದೆ. ಕೆಳಗೆ ಕಪ್ಪು, ಬೂದು ಬಣ್ಣದ ಬಂಡೆಗಳ ರಾಶಿ, ಅವುಗಳ ಸಂದಿಯಲ್ಲಿ ನೀರು.

ಇಲ್ಲಿನ ನೀರಿನ ಅಬ್ಬರಕ್ಕೆ ಕಾರಣ ನೆಲದಲ್ಲಿದೆ. ದಖ್ಖನ್ ಪ್ರಸ್ಥಭೂಮಿಯ ಎತ್ತರದಿಂದ ಕೃಷ್ಣೆ ರಾಯಚೂರು-ಸುರಪುರ ಸೀಮೆಯ ತಗ್ಗಿಗೆ ಇಳಿಯೋದು ಈ ಭಾಗದಲ್ಲೇ. ಸುಮಾರು 3 ಮೈಲಿ ಉದ್ದದಲ್ಲಿ ನದಿ 400 ಅಡಿಯಷ್ಟು ಕೆಳಗಿಳಿಯುತ್ತದೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್ ದಾಖಲಿಸಿದೆ. ಜೋಗದ ಹಾಗೆ ಒಂದೇ ಧುಮುಕು ಅಲ್ಲ. ಗ್ರಾನೈಟ್ ಬಂಡೆಗಳ ಮೆಟ್ಟಿಲು ಮೆಟ್ಟಿಲಾಗಿ ನೀರು ಒಡೆದು, ನೊರೆಯಾಗಿ, ಮತ್ತೆ ಕೂಡಿಕೊಂಡು ಓಡುತ್ತದೆ. ಮೇಲಿನ ನಾರಾಯಣಪುರದ ಹತ್ತಿರ ಇರುವ ಛಾಯಾ ಭಗವತಿ ಕ್ಷೇತ್ರಕ್ಕೆ ಹೋದವರಿಗೂ ಇಂಥ ಬಂಡೆಗಳ ಪರಿಚಯ ಇರುತ್ತದೆ.

ಕೋಟೆಯ ಕಥೆ ಸ್ವಲ್ಪದರಲ್ಲಿ

ಕೃಷ್ಣೆ ಮತ್ತು ತುಂಗಭದ್ರೆ ನಡುವಿನ ರಾಯಚೂರು ದೋಆಬ್‌ಗಾಗಿ ವಿಜಯನಗರದವರು, ಬಹಮನಿಗಳು, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು ತಲೆಮಾರುಗಟ್ಟಲೆ ಬಡಿದಾಡಿದರು. ಮುದಗಲ್ ಮತ್ತು ರಾಯಚೂರು ಕೋಟೆಗಳ ಹೆಸರು ಎಲ್ಲ ಪುಸ್ತಕದಲ್ಲಿ ಬರುತ್ತವೆ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನನ್ನು ಸೋಲಿಸಿದ ಯುದ್ಧವೂ ರಾಯಚೂರಿಗಾಗಿಯೇ. ಜಲದುರ್ಗ ಅಷ್ಟು ಸುದ್ದಿಯಾದ ಕೋಟೆ ಅಲ್ಲ. ಆದರೆ ಹೊಳೆಯ ಮೇಲೆ ಕಣ್ಣಿಡೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗೋದು ಕಷ್ಟ ಅಂತ ಮೇಲೆ ಹತ್ತಿ ನಿಂತವರಿಗೆ ತಾನಾಗೇ ತಿಳಿಯುತ್ತದೆ. ಆದಿಲ್‌ಶಾಹಿಗಳ ಕಾಲದಲ್ಲಿ ಇದು ಗಟ್ಟಿ ಕೋಟೆ ಎನಿಸಿಕೊಂಡಿತ್ತು.

ಮರಣದಂಡನೆ ಆದವರನ್ನು ಕೋಟೆಯ ಮೇಲಿಂದ ಕೆಳಗೆ ಹೊಳೆಗೆ ತಳ್ಳುತ್ತಿದ್ದರು ಅನ್ನೋ ಮಾತು ಈ ಭಾಗದಲ್ಲಿ ಹಿಂದಿನಿಂದ ಬಂದಿದೆ. ಹುಡುಗರು ಆ ಜಾಗ ಹುಡುಕಿಕೊಂಡು ಹೋಗಿ ತುದಿಯಲ್ಲಿ ಕಾಲು ಇಳಿಬಿಟ್ಟು ಕೂರ್ತಾರೆ. ಕಥೆ ನಿಜವೋ ಸುಳ್ಳೋ, ಎತ್ತರ ಮಾತ್ರ ನಿಜ.

ಇಂದು ಕೋಟೆ ಅಂದರೆ ಅಲ್ಲಲ್ಲಿ ಉಳಿದ ಗೋಡೆ, ಬುರುಜು, ಬಾಗಿಲು, ಅವುಗಳ ಮಧ್ಯೆ ಜಾಲಿ, ಪಾಪಸ್‌ಕಳ್ಳಿ. ದೊಡ್ಡ ಪ್ರವಾಸಿ ಸ್ಥಳಗಳ ಹಾಗೆ ತುದಿಗುಂಟ ಕಬ್ಬಿಣದ ಕಟಕಟೆ ಇರುತ್ತದೆ ಅಂತ ನಂಬಿ ಹೋಗಬೇಡಿ. ಗೋಡೆಯ ಕಲ್ಲು ಸಡಿಲ ಇರುತ್ತವೆ, ಮಳೆಗಾಲದಲ್ಲಿ ಬಂಡೆ ಮೇಲೆ ಪಾಚಿ ಕಟ್ಟಿರುತ್ತದೆ. ಫೋಟೊಕ್ಕೆ ಅಂತ ಬುರುಜಿನ ಅಂಚಿಗೆ ಬೆನ್ನು ಮಾಡಿ ನಿಲ್ಲೋದು ಎಲ್ಲಕ್ಕಿಂತ ಕೆಟ್ಟ ಚಟ.

ಇಲ್ಲಿ ಮಳೆ ಇಲ್ಲದಿದ್ರೂ ಹೊಳೆ ಬರ್ತೈತಿ

ಹೊರಗಿನವರು ತಪ್ಪು ಲೆಕ್ಕ ಹಾಕೋದು ಇಲ್ಲೇ. ಲಿಂಗಸುಗೂರಿನಲ್ಲಿ ಚುರುಕು ಬಿಸಿಲು, ಆಕಾಶದಲ್ಲಿ ಒಂದು ಮೋಡ ಇಲ್ಲ. "ಮಳಿನ ಇಲ್ಲ, ಹೊಳಿ ಎಲ್ಲಿಂದ ಬರ್ತೈತಿ" ಅನ್ನೋದು ಸಹಜ. ಆದರೆ ಜಲದುರ್ಗದ ನೀರನ್ನು ತೀರ್ಮಾನಿಸೋದು ಇಲ್ಲಿನ ಮೋಡ ಅಲ್ಲ. ಮಹಾಬಳೇಶ್ವರ, ಕೊಯ್ನಾ ಭಾಗದ ಘಟ್ಟದಲ್ಲಿ ಮಳೆ ಜೋರಾದರೆ ಆ ನೀರು ಆಲಮಟ್ಟಿಗೆ ಬರುತ್ತದೆ. ಆಲಮಟ್ಟಿಯಿಂದ ನಾರಾಯಣಪುರದ ಬಸವಸಾಗರಕ್ಕೆ. ಬಸವಸಾಗರದ ಗೇಟ್ ಎತ್ತಿದ ಕೆಲವೇ ಗಂಟೆಗಳಲ್ಲಿ ನೀರು ಜಲದುರ್ಗದ ಬಂಡೆಗಳ ಮಧ್ಯೆ ಇರುತ್ತದೆ.

ಬಸವಸಾಗರ ಅಷ್ಟೂ ನೀರನ್ನು ಹಿಡಿದಿಟ್ಟುಕೊಳ್ಳಬಾರದೇಕೆ ಅಂತ ಕೇಳೋರು ಇದ್ದಾರೆ. ಅದರ ಹೊಟ್ಟೆಯೇ ಸಣ್ಣದು. 1982ರಲ್ಲಿ ಮುಗಿದ ಈ ಜಲಾಶಯದಲ್ಲಿ ನಿಲ್ಲೋದು ಸುಮಾರು 33 ಟಿಎಂಸಿ. ಮೇಲಿನ ಆಲಮಟ್ಟಿಯಲ್ಲಿ ನಿಲ್ಲೋದು 123 ಟಿಎಂಸಿ. ಒಂದು ಲಕ್ಷ ಕ್ಯುಸೆಕ್ ನೀರು ಒಂದು ದಿನ ಪೂರ್ತಿ ಹರಿದರೆ 8.64 ಟಿಎಂಸಿ ಆಗುತ್ತದೆ. ಅಂದರೆ ಬರೀ ಲಕ್ಷ ಕ್ಯುಸೆಕ್ ಬಂದರೂ ಖಾಲಿ ಬಸವಸಾಗರ ನಾಲ್ಕು ದಿನದೊಳಗೆ ತುಂಬಿ ಹೋಗುತ್ತದೆ. ಐದು ಲಕ್ಷ ಬಂದರೆ ಒಂದೇ ದಿನ ಸಾಕು. ಅದಕ್ಕೇ ಮಳೆಗಾಲದಲ್ಲಿ ಮೇಲಿಂದ ಬಂದಷ್ಟನ್ನು ಕೆಳಗೆ ಬಿಡೋದು ಬಿಟ್ಟು ಜಲಾಶಯದವರಿಗೆ ಬೇರೆ ದಾರಿ ಇರೋದಿಲ್ಲ.

ಪೇಪರಿನಲ್ಲಿ ದಿನಾ ಬರುವ ಈ ಕ್ಯುಸೆಕ್ ಲೆಕ್ಕ ಎಷ್ಟೋ ಜನಕ್ಕೆ ತಲೆಗೆ ಹೋಗೋದಿಲ್ಲ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ಸ್ವಲ್ಪ ಹೆಚ್ಚು. ಲಕ್ಷ ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಬೇಸಿಗೆಯಲ್ಲಿ ವಾರ್ಡಿಗೆ ಬರುವ 5 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳಬೇಕೆಂದರೆ, ಕಣ್ಣು ಮಿಟುಕಿಸಿ ತೆರೆಯೋದರೊಳಗೆ 560 ಟ್ಯಾಂಕರ್ ನಿಮ್ಮ ಮುಂದಿಂದ ಹೋದ ಹಾಗೆ.

2019ರ ಆಗಸ್ಟ್‌ನಲ್ಲಿ ನಾರಾಯಣಪುರದಿಂದ ಬಿಟ್ಟ ನೀರು 5 ಲಕ್ಷ ಕ್ಯುಸೆಕ್ ದಾಟಿತ್ತು. ಆಗ ಜಲದುರ್ಗದ ಸುತ್ತ ಬಂಡೆ ಯಾವುದು, ಹೊಲ ಯಾವುದು ಗುರುತು ಸಿಗದಂತಾಗಿತ್ತು.

ಬೇಸಿಗೆಯಲ್ಲಾದರೂ ಭಯ ಇಲ್ಲ ಅನ್ನೋ ಹಾಗಿಲ್ಲ. ಮಾರ್ಚ್ ದಾಟಿದರೆ ಹೊಳೆ ಬತ್ತಿ ಬಂಡೆಗಳೆಲ್ಲ ಹೊರಗೆ ಕಾಣುತ್ತವೆ. ನಡುವೆ ಮಡುಗಳು ಉಳಿದಿರುತ್ತವೆ, ಅಲ್ಲಿ ಇಳಿದು ಈಜೋಕೆ ಮನಸ್ಸಾಗುತ್ತದೆ. ಕುಡಿಯುವ ನೀರಿಗೆ, ಶಕ್ತಿನಗರದ ಥರ್ಮಲ್ ಸ್ಥಾವರಕ್ಕೆ ಅಂತ ಬೇಸಿಗೆಯಲ್ಲೂ ನಾರಾಯಣಪುರದಿಂದ ನದಿಗೆ ನೀರು ಬಿಡುತ್ತಾರೆ. ಹೊಳೆ ಮಧ್ಯದ ಬಂಡೆ ಮೇಲೆ ಕುಳಿತು ಬುತ್ತಿ ಬಿಚ್ಚಿದವರಿಗೆ ಹಿಂದಿನ ಸಂದಿಯಲ್ಲಿ ನೀರು ಏರಿದ್ದು ಗೊತ್ತಾಗೋದು ವಾಪಸ್ ಹೊರಟಾಗಲೇ. ಮಡುವಿನ ಆಳ ಮೇಲಿಂದ ತಿಳಿಯೋದಿಲ್ಲ. ಜೊತೆಗೆ ಕೃಷ್ಣೆಯಲ್ಲಿ ಮೊಸಳೆ ಇವೆ. ಕಾಲುವೆಯಲ್ಲಿ ಈಜು ಕಲಿತ ಧೈರ್ಯ ಇಲ್ಲಿ ಕೆಲಸಕ್ಕೆ ಬರೋದಿಲ್ಲ.

ಸೇತುವೆ ಮುಳುಗಿದರೆ

ಪ್ರವಾಸಿಗರಿಗೆ ಜಲದುರ್ಗ ಒಂದು ದಿನದ ತಿರುಗಾಟ. ಅಲ್ಲಿನವರಿಗೆ ಹೊಳೆ ಅಂದರೆ ಬೇರೆ ಮಾತು. ಜಲದುರ್ಗ, ಹಂಚಿನಾಳ, ಯಳಗುಂದಿ, ಯರಗೋಡಿ, ಕಡದರಗಡ್ಡಿ ಈ ಎಲ್ಲ ಊರುಗಳೂ ಕೃಷ್ಣೆಯ ಕವಲುಗಳ ಆಸರೆಯಲ್ಲಿ, ಅವುಗಳ ಹಂಗಿನಲ್ಲೇ ಬದುಕುತ್ತಿವೆ. ನಾರಾಯಣಪುರದಿಂದ ಹೆಚ್ಚು ನೀರು ಬಿಟ್ಟರೆ ಮೊದಲು ಸುದ್ದಿಯಾಗೋದು ಶೀಲಹಳ್ಳಿ ಸೇತುವೆ. ತಗ್ಗಿನಲ್ಲಿರುವ ಈ ಸೇತುವೆ ಮುಳುಗಿತು ಅಂದರೆ ಲಿಂಗಸುಗೂರಿಗೆ ಬರೋ ಹತ್ತಿರದ ದಾರಿ ಬಂದ್. ಶಾಲೆ ಮಕ್ಕಳು, ಹಾಲು, ಆಸ್ಪತ್ರೆಗೆ ಹೊರಟವರು, ಸಂತೆಗೆ ಹೊರಟವರು ಎಲ್ಲರೂ ಜಲದುರ್ಗದ ಕಡೆಯಿಂದ ದೂರ ಸುತ್ತಿ ಬರಬೇಕು. ಹೊಳೆ ಇನ್ನೂ ಏರಿದರೆ ಆ ದಾರಿಯೂ ಭರವಸೆ ಇಲ್ಲ.

ಅವುಗಳಿಗಿಂತ ಸಣ್ಣ ಗಡ್ಡಿಗಳೂ ಇವೆ. ಕರಕಲಗಡ್ಡಿ, ಮ್ಯಾದರಗಡ್ಡಿ, ಒಂಕಮ್ಮನಗಡ್ಡಿ. ಬೆರಳೆಣಿಕೆಯ ಕುಟುಂಬಗಳು ಹೊಲ, ದನಕರುಗಳ ಜೊತೆ ಅಲ್ಲಿರುತ್ತವೆ. ಪ್ರತಿ ವರ್ಷ ಹೊಳೆ ಬಂದಾಗ ಅಧಿಕಾರಿಗಳು ಹೊರಗೆ ಬನ್ನಿ ಅಂತಾರೆ, ಅವರು ದನ ಬಿಟ್ಟು ಹೇಗೆ ಬರೋದು ಅಂತಾರೆ. ಎರಡೂ ಕಡೆಯ ಮಾತಿನಲ್ಲಿ ಅರ್ಥ ಇದೆ. ಎತ್ತರದ ಸೇತುವೆ ಬೇಕು, ಶಾಶ್ವತ ಜಾಗ ಬೇಕು ಅನ್ನೋ ಕೂಗು ಹೊಳೆ ಇಳಿದ ಮೇಲೆ ತಣ್ಣಗಾಗಿ, ಮುಂದಿನ ಜುಲೈಗೆ ಮತ್ತೆ ಏಳುತ್ತದೆ.

ಇಂಥ ಹೊತ್ತಿನಲ್ಲಿ ಬೈಕಿನ ಮೇಲೆ ನಾಲ್ಕು ಜನ "ಹೊಳಿ ನೋಡಾಕ" ಅಂತ ಸೇತುವೆ ಬಳಿ ಬಂದು ನಿಂತರೆ ಆಗೋ ತೊಂದರೆ ಊರವರಿಗೆ. ಸೇತುವೆ ಮೇಲೆ ನೀರು ಹರಿಯುತ್ತಿರುವಾಗ ಮೊಣಕಾಲು ಮಟ್ಟ ಇದೆ, ದಾಟಬಹುದು ಅನ್ನೋ ಲೆಕ್ಕ ಪೂರಾ ತಪ್ಪು. ನೀರಿನ ಎಳೆತ ಆಳದ ಮೇಲಷ್ಟೇ ನಿಂತಿಲ್ಲ, ವೇಗದ ಮೇಲೂ ನಿಂತಿದೆ. ಮೇಲಾಗಿ ಕೆಳಗೆ ಸೇತುವೆಯ ಅಂಚು ಕೊಚ್ಚಿ ಹೋಗಿದ್ದರೆ ಕೆಂಪು ನೀರಿನಲ್ಲಿ ಕಾಣೋದಿಲ್ಲ. ಪೊಲೀಸರು ಅಡ್ಡ ಇಟ್ಟ ಮುಳ್ಳಿನ ಕಂಟಿ, ಬ್ಯಾರಿಕೇಡ್ ಸರಿಸಿ ಹೋಗೋದನ್ನು ಧೈರ್ಯ ಅನ್ನೋಕೆ ಆಗೋದಿಲ್ಲ.

ಯಾವಾಗ ಹೋಗೋದು, ಹೇಗೆ ಹೋಗೋದು

ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆ ಕಾಲ. ಮಳೆಗಾಲದ ಪ್ರವಾಹ ಇಳಿದಿರುತ್ತದೆ, ಬಂಡೆಗಳ ಮಧ್ಯೆ ನೀರು ಇನ್ನೂ ಇರುತ್ತದೆ, ಬಿಸಿಲು ತಡಕೊಳ್ಳೋ ಹಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಿಗೆ ಕಾದ ಗ್ರಾನೈಟ್ ಮೇಲೆ ಮಧ್ಯಾಹ್ನ ನಡೆಯೋದು ರೊಟ್ಟಿ ಹಂಚಿನ ಮೇಲೆ ನಡೆದ ಹಾಗೆ. ಜುಲೈನಿಂದ ಅಕ್ಟೋಬರ್‌ವರೆಗೆ ಹೋಗೋರು ಹಿಂದಿನ ದಿನ ಒಮ್ಮೆ, ಹೊರಡೋ ಬೆಳಿಗ್ಗೆ ಇನ್ನೊಮ್ಮೆ ನಾರಾಯಣಪುರದ ಹೊರಹರಿವು ಎಷ್ಟು ಅಂತ ನೋಡಿಕೊಳ್ಳಬೇಕು. ಕೃಷ್ಣಾ ಭಾಗ್ಯ ಜಲ ನಿಗಮದವರು ನೀರು ಬಿಡೋ ಮುಂಚೆ ನದಿ ತೀರದ ಹಳ್ಳಿಗಳಿಗೆ ಎಚ್ಚರಿಕೆ ಕೊಡುತ್ತಾರೆ, ಅದು ಪತ್ರಿಕೆಗಳಲ್ಲೂ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಬರುತ್ತದೆ. ಹೊರಹರಿವು ಲಕ್ಷದ ಹತ್ತಿರ ಹೋಗುತ್ತಿದೆ ಅಂದರೆ ಪ್ರವಾಸ ಮುಂದಕ್ಕೆ ಹಾಕ್ರಿ. ಕೋಟೆ ನೂರಾರು ವರ್ಷದಿಂದ ಅಲ್ಲೇ ಇದೆ, ಇನ್ನೊಂದು ವಾರ ಎಲ್ಲೂ ಹೋಗೋದಿಲ್ಲ.

ಸಿಂಧನೂರಿನಿಂದ ಹೊರಡೋರಿಗೆ ದಾರಿ ಸುಲಭ. ರಾಷ್ಟ್ರೀಯ ಹೆದ್ದಾರಿ 150ಎ ಹಿಡಿದರೆ ಮಸ್ಕಿ ದಾಟಿ ನೇರ ಲಿಂಗಸುಗೂರು. ಸಿಂಧನೂರಿನಿಂದ ಲೆಕ್ಕ ಹಾಕಿದರೆ ಜಲದುರ್ಗ 75 ಕಿ.ಮೀ. ಆಸುಪಾಸು. ಲಿಂಗಸುಗೂರಿನವರೆಗೆ ಸರ್ಕಾರಿ ಬಸ್ಸಿಗೆ ಕೊರತೆ ಇಲ್ಲ. ಅಲ್ಲಿಂದ ಮುಂದೆ ಬಸ್ ನಂಬಿ ಹೋಗೋರು ವಾಪಸ್ ಬರೋ ಕೊನೆ ಬಸ್ ಎಷ್ಟೊತ್ತಿಗೆ ಅಂತ ನಿಲ್ದಾಣದಲ್ಲೇ ಕೇಳಿಕೊಂಡು ಹತ್ತಬೇಕು. ಇಲ್ಲಾಂದ್ರೆ ಸ್ವಂತ ಗಾಡಿಯೇ ವಾಸಿ. ಪೆಟ್ರೋಲ್ ಲಿಂಗಸುಗೂರಿನಲ್ಲೇ ತುಂಬಿಸಿಕೊಳ್ಳಿ.

ಊಟದ ಲೆಕ್ಕವೂ ಅಷ್ಟೇ. ಬೆಳಿಗ್ಗೆ ಲಿಂಗಸುಗೂರಿನಲ್ಲಿ ವಗ್ಗರಣಿ, ಮಿರ್ಚಿ ತಿಂದು, ಖಾನಾವಳಿಯಲ್ಲಿ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಂಡರೆ ಮಧ್ಯಾಹ್ನಕ್ಕೆ ಚಿಂತೆ ಇಲ್ಲ. ಒಬ್ಬರಿಗೆ ಎರಡು ಲೀಟರ್ ನೀರಾದರೂ ಬೇಕು. ಸುತ್ತ ಹೊಳೆ ಇದ್ದರೂ ಆ ನೀರು ಹಾಗೇ ಕುಡಿಯೋದಲ್ಲ. ಊರಿನ ಅಂಗಡಿಯಲ್ಲಿ ಚಹಾ, ಬಿಸ್ಕಿಟ್ ಸಿಕ್ಕರೆ ಅಲ್ಲೇ ಕೊಳ್ಳಿ, ಹೋಗೋರಿಂದ ಊರಿಗೆ ಅಷ್ಟಾದರೂ ಲಾಭ ಆಗಲಿ. ತಿಂದು ಬಿಟ್ಟ ಪ್ಲಾಸ್ಟಿಕ್ ಮಾತ್ರ ವಾಪಸ್ ತರಬೇಕು.

ಹತ್ತೋದು ಬೆಳಿಗ್ಗೆಯೇ ಹತ್ತಬೇಕು. ಚಪ್ಪಲಿ ಬೇಡ, ಹಿಡಿತ ಇರೋ ಬೂಟು ಹಾಕ್ರಿ. ಮುಳ್ಳಿನ ಕಂಟಿ ಇರೋದರಿಂದ ಪೂರ್ತಿ ಪ್ಯಾಂಟ್ ಒಳ್ಳೇದು. ಕಲ್ಲು ಸಂದಿಯಲ್ಲಿ ಕೈ ಹಾಕೋ ಮುಂಚೆ ನೋಡ್ರಿ, ಹಾವು ಚೇಳಿನ ಜಾಗ ಅದು. ಊರಿನ ಯಾರಾದರೊಬ್ಬರನ್ನು ಜೊತೆ ಕರೆದುಕೊಂಡು, ಅವರ ದಿನದ ಕೂಲಿ ಕೊಟ್ಟರೆ ಬಾಗಿಲು ಯಾವುದು, ಬುರುಜು ಯಾವುದು, ಯಾವ ಅಂಚಿಗೆ ಹೋಗಬಾರದು ಎಲ್ಲ ಹೇಳ್ತಾರೆ. ನದಿ ಮಧ್ಯದ ಗಡ್ಡಿ ನೋಡಬೇಕು ಅಂತ ಯಾರದೋ ತೆಪ್ಪ ಹತ್ತೋದು ಬೇಡ. ಸೂರ್ಯ ಮುಳುಗೋ ಫೋಟೊ ಚೆನ್ನಾಗಿ ಬರುತ್ತದೆ, ಆದರೆ ಕತ್ತಲಾದ ಮೇಲೆ ಆ ಬಂಡೆಗಳಲ್ಲಿ ಇಳಿಯೋದು ಯಾರಿಗೂ ಬೇಡ. ಐದು ಗಂಟೆಗೆ ಕೆಳಗಿರಬೇಕು. ಏನಾದರೂ ಆದರೆ 112ಕ್ಕೆ ಕರೆ ಮಾಡಿ, ನೀರಿಗೆ ಬಿದ್ದವರ ಹಿಂದೆ ನೀವೂ ಹಾರಬೇಡಿ. ಸೀರೆ, ಹಗ್ಗ, ಉದ್ದನೆ ಕಟ್ಟಿಗೆ ಏನು ಸಿಗುತ್ತೋ ಅದನ್ನು ದಡದಿಂದಲೇ ಚಾಚಬೇಕು.

ಸಮಯ ಉಳಿದರೆ ಬರುವಾಗ ಮುದಗಲ್ ಕೋಟೆ ನೋಡಬಹುದು. ಸಿಂಧನೂರಿನ ಕಡೆ ಹೋಗೋರು ಮಸ್ಕಿಯಲ್ಲಿ ಇಳಿದು ಅಶೋಕನ ಶಾಸನ ನೋಡೋದು ಇನ್ನೂ ಸುಲಭ. 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಣ್ಣಿಗೆ ಬಿದ್ದ ಈ ಶಾಸನದಲ್ಲಿ ಅಶೋಕ ಎಂಬ ಹೆಸರೇ ಇದ್ದದ್ದರಿಂದ, ಬೇರೆ ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ ಯಾರು ಅನ್ನೋದು ಗಟ್ಟಿಯಾಯಿತು. ಹೆದ್ದಾರಿಯಲ್ಲಿ ದಿನಾ ಓಡಾಡೋರೇ ಅದನ್ನು ನೋಡಿರೋದಿಲ್ಲ.

ಗೋಕರ್ಣಕ್ಕೆ ಹೋಗೋರಿಗೂ ಒಂದು ಮಾತು

ನಿಜವಾದ ಕಡಲೇ ಬೇಕು ಅನ್ನೋರನ್ನು ತಡೆಯೋಕಾಗದು. 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ರೈಲು ಬಂದ ಮೇಲೆ ಹುಬ್ಬಳ್ಳಿ ಹತ್ತಿರವಾಗಿದೆ. ಅಲ್ಲಿಂದ ಯಲ್ಲಾಪುರ, ಅಂಕೋಲಾ ಮೇಲೆ ಗೋಕರ್ಣಕ್ಕೆ ಬಸ್ ಸಿಗುತ್ತವೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳನ್ನು ಜೋಡಿಸೋ ಕಾಲುದಾರಿ ಬಂಡೆಗಳ ಅಂಚಿನಲ್ಲೇ ಹೋಗುತ್ತದೆ. ಅಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಕಾರವಾರದ ಕಡೆ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನೀರಿನ ಮಟ್ಟ ಆಳೆತ್ತರದಷ್ಟು ಏರಿಳಿಯುತ್ತದೆ. ಇಳಿತದಲ್ಲಿ ನಡೆದು ದಾಟಿದ ಬಂಡೆ ಭರತದಲ್ಲಿ ಅಲೆಯ ಕೆಳಗಿರುತ್ತದೆ. ಆದರೆ ಅದರ ವೇಳೆ ಮೊದಲೇ ಗೊತ್ತಿರುತ್ತದೆ, ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ ಅಷ್ಟೇ. ಮೀನುಗಾರರನ್ನು ಕೇಳಿದರೂ ಹೇಳ್ತಾರೆ.

ಜಲದುರ್ಗದ ಹೊಳೆಗೆ ಅಂಥ ವೇಳಾಪಟ್ಟಿ ಇಲ್ಲ. ಇಲ್ಲಿ ಹೊರಡೋ ಮುಂಚೆ ನಾರಾಯಣಪುರದ ಅಂಕಿ ನೋಡಿ, ಶೀಲಹಳ್ಳಿ ಕಡೆ ಗೊತ್ತಿದ್ದವರು ಯಾರಾದರೂ ಇದ್ದರೆ ಒಂದು ಫೋನ್ ಹಚ್ಚಿ ಸೇತುವೆ ಹೇಗಿದೆ ಅಂತ ಕೇಳಿಕೊಂಡೇ ಗಾಡಿ ಚಾಲೂ ಮಾಡಬೇಕು.